ಮನೆಯ ಲೆಕ್ಕ ಮೂರನೇ ತಿಂಗಳಿಗೇ ಕೈಕೊಡುತ್ತಾ? ಈ ಕ್ರಮದಲ್ಲಿ ಮಾಡಿ ನೋಡಿ

ಬಜೆಟ್ ಹಾಕಿ ಸೋತವರ ಕಥೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಮೊದಲ ತಿಂಗಳು ಚಿಲ್ಲರೆಯನ್ನೂ ಬಿಡದೆ ಬರೆದಿಡುತ್ತಾರೆ. ಎರಡನೇ ತಿಂಗಳು ವಾರಕ್ಕೊಮ್ಮೆ ನೆನಪು ಮಾಡಿಕೊಂಡು ಬರೆಯುತ್ತಾರೆ. ಮೂರನೇ ತಿಂಗಳು ಯಾವುದೋ ದೊಡ್ಡ ಖರ್ಚು ಬಂದು ಎದುರಿಗೆ ಕೂರುತ್ತದೆ. ಕಾರ್ಡ್ ಉಜ್ಜುತ್ತಾರೆ, ಪುಸ್ತಕ ಮೂಲೆ ಸೇರುತ್ತದೆ. ಕೊನೆಗೆ "ನಮಗೆ ಶಿಸ್ತೇ ಇಲ್ಲ" ಅಂತ ತಮ್ಮನ್ನೇ ಬೈದುಕೊಳ್ಳುತ್ತಾರೆ.

ನಾನು ನೋಡಿದ ಮಟ್ಟಿಗೆ ಶಿಸ್ತು ಇದ್ದವರೂ ಹೀಗೇ ಸೋಲುತ್ತಾರೆ. ಯಾಕಂದ್ರೆ ಕೆಲಸದ ಕ್ರಮ ತಪ್ಪಿರುತ್ತದೆ. ಖರ್ಚನ್ನು ನೋಡುವ ಮೊದಲೇ ಕತ್ತರಿಸುತ್ತಾರೆ. ಕೈಯಲ್ಲಿ ಒಂದು ತಿಂಗಳ ಹಣ ಇಲ್ಲದೆ ಹೂಡಿಕೆ ಶುರು ಮಾಡುತ್ತಾರೆ. ವರ್ಷಕ್ಕೊಮ್ಮೆ ಬರುವ ಖರ್ಚನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಗಾಗಿ ಕೆಳಗಿನ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

ಉದಾಹರಣೆಗಳಲ್ಲಿ ತಿಂಗಳ ಆದಾಯ 100 ಅಂತ ಇಟ್ಟುಕೊಂಡಿದ್ದೇನೆ. ನಿಮ್ಮ ಆದಾಯ ಎಷ್ಟೇ ಇರಲಿ, ಅದಕ್ಕೆ ತಕ್ಕಂತೆ ಹಿಗ್ಗಿಸಿಕೊಳ್ಳಿ.

## ಶುರು ಮಾಡುವ ಮೊದಲು ಏನೇನು ಬೇಕು

ಒಂದು ಉದ್ದನೆ ನೋಟ್ ಪುಸ್ತಕ, ಪೆನ್ನು, ಕ್ಯಾಲ್ಕುಲೇಟರ್. ಹಿಂದಿನ 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಕಾರ್ಡ್ ಇದ್ದರೆ ಅದರದ್ದೂ. ಎಲ್ಲ ಸಾಲದ ಪತ್ರಗಳು, ಎಲ್ಲ ವಿಮೆಯ ಪಾಲಿಸಿಗಳು. ಮತ್ತೆ, ಮನೆಯಲ್ಲಿ ದುಡ್ಡು ಖರ್ಚು ಮಾಡುವ ದೊಡ್ಡವರೆಲ್ಲರೂ ಒಟ್ಟಿಗೆ ಕೂರುವ ಎರಡು ಗಂಟೆ.

ಆ್ಯಪ್ ಬೇಕಾ? ಬೇಕಿದ್ದರೆ ಆಮೇಲೆ ಹಾಕಿಕೊಳ್ಳಿ. ಮೊದಲ ಮೂರು ತಿಂಗಳು ಕೈಯಲ್ಲಿ ಬರೆಯುವುದೇ ಒಳ್ಳೆಯದು ಅಂತ ನನ್ನ ಅನಿಸಿಕೆ. ಆ್ಯಪ್ ತಾನಾಗಿ ಲೆಕ್ಕ ಹಾಕಿಬಿಟ್ಟರೆ ನಾವು ಅದನ್ನು ನೋಡುವುದೇ ಇಲ್ಲ.

## ಹಂತ 1: ಒಂದೇ ಹಾಳೆಯಲ್ಲಿ ಇರುವುದನ್ನೆಲ್ಲ ಬರೆಯಿರಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಆದರೆ ಹಾಸಿಗೆಯ ಅಳತೆ ತೆಗೆದವರು ಕಡಿಮೆ. ಹಾಳೆಯನ್ನು ಎರಡು ಭಾಗ ಮಾಡಿ. ಎಡಗಡೆ ನಿಮ್ಮ ಹತ್ತಿರ ಇರುವುದು: ಖಾತೆಯ ಹಣ, ಠೇವಣಿ, ಬೇರೆಯವರಿಂದ ಬರಬೇಕಾದ್ದು. ಬಲಗಡೆ ನೀವು ಕೊಡಬೇಕಾದ್ದು: ಬ್ಯಾಂಕ್ ಸಾಲ, ಕಾರ್ಡ್ ಬಾಕಿ, ಕೈಸಾಲ, ಕಂತಿನ ಮೇಲೆ ತಂದ ಸಾಮಾನು. ಪ್ರತಿ ಸಾಲದ ಮುಂದೆ ಮೂರು ವಿಷಯ ಇರಲೇಬೇಕು: ಬಾಕಿ ಎಷ್ಟು, ಬಡ್ಡಿ ದರ ಎಷ್ಟು, ಇನ್ನೆಷ್ಟು ಕಂತು.

ಇಲ್ಲಿ ಆಗುವ ತಪ್ಪು: ನೆಂಟರು, ಗೆಳೆಯರ ಹತ್ತಿರ ತೆಗೆದುಕೊಂಡ ಕೈಸಾಲವನ್ನು ಬಿಟ್ಟುಬಿಡುವುದು. ಬಡ್ಡಿ ಇಲ್ಲ ಅಂದ ಮಾತ್ರಕ್ಕೆ ಅದು ಸಾಲ ಅಲ್ಲದೆ ಹೋಗುವುದಿಲ್ಲ.

## ಹಂತ 2: 30 ದಿನ ಬರೆಯಿರಿ, ಏನನ್ನೂ ಕಡಿಮೆ ಮಾಡಬೇಡಿ

ಹೌದು, ಏನನ್ನೂ ಕಡಿಮೆ ಮಾಡಬೇಡಿ. ಬರೆಯುತ್ತಿದ್ದೇವೆ ಅನ್ನುವ ಕಾರಣಕ್ಕೆ ಆ ತಿಂಗಳು ಬಿಗಿ ಹಿಡಿದರೆ ನಿಮಗೆ ಸಿಗುವುದು ಸುಳ್ಳು ಲೆಕ್ಕ. ಆಮೇಲೆ ಆ ಸುಳ್ಳು ಲೆಕ್ಕದ ಮೇಲೆ ಬಜೆಟ್ ಕಟ್ಟುತ್ತೀರಿ, ಅದು ಬಿದ್ದುಹೋಗುತ್ತದೆ.

ಖರ್ಚಾದ ತಕ್ಷಣ ಬರೆಯಿರಿ. ತಲೆಬರಹಗಳು ಏಳೆಂಟಕ್ಕಿಂತ ಜಾಸ್ತಿ ಬೇಡ. ಬಾಡಿಗೆ ಅಥವಾ ಮನೆ ಸಾಲ, ದಿನಸಿ, ಕರೆಂಟು-ನೀರು-ಫೋನು, ಓಡಾಟ, ಮಕ್ಕಳದ್ದು, ಔಷಧಿ, ಹೊರಗಿನ ಊಟ-ಮನರಂಜನೆ, ಇತರೆ. 25 ತಲೆಬರಹ ಮಾಡಿಕೊಂಡವರು ಹತ್ತನೇ ದಿನಕ್ಕೆ ಸುಸ್ತಾಗುತ್ತಾರೆ.

'ಇತರೆ' ಅನ್ನುವ ಸಾಲಿನ ಮೇಲೆ ಒಂದು ಕಣ್ಣಿರಲಿ. ನಮ್ಮ ಮನೆಯ ಮೊದಲ ತಿಂಗಳ ಪುಟದಲ್ಲಿ ಅದರ ಮುಂದೆ 22 ಅಂತ ಬಂದಿತ್ತು. ದಿನಸಿಗಿಂತ ಜಾಸ್ತಿ! ಬಿಡಿಸಿ ನೋಡಿದರೆ ಅದರಲ್ಲಿ ಸ್ಕೂಟರಿನ ರಿಪೇರಿ, ನನ್ನ ಕನ್ನಡಕ, ಒಂದು ಉಡುಗೊರೆ ಇದ್ದವು. ಜೊತೆಗೆ ನಾವಿಬ್ಬರೂ ನೋಡದೆ ಇದ್ದ, ಆದರೆ ತಿಂಗಳು ತಿಂಗಳು ಕಡಿತ ಆಗುತ್ತಿದ್ದ ಎರಡು ಚಂದಾ. ಚಂದಾ ಅವತ್ತೇ ನಿಲ್ಲಿಸಿದೆವು. ಉಳಿದ ಮೂರು ದುಂದುವೆಚ್ಚ ಅಲ್ವೇ ಅಲ್ಲ. ಅವು ಮುಂದಿನ ಹಂತಕ್ಕೆ ಸೇರಿದವು.

## ಹಂತ 3: ವರ್ಷದ ಖರ್ಚನ್ನು 12ರಿಂದ ಭಾಗಿಸಿ

ಬಜೆಟ್ ಮುರಿಯುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

"ಇದ್ದಕ್ಕಿದ್ದಂತೆ ಬಂದ ಖರ್ಚು" ಅಂತ ನಾವು ಕರೆಯುವುದರಲ್ಲಿ ಮುಕ್ಕಾಲು ಪಾಲು ಇದ್ದಕ್ಕಿದ್ದಂತೆ ಬಂದದ್ದಲ್ಲ. ಶಾಲೆಯ ಫೀಸು ಪ್ರತಿ ವರ್ಷ ಬರುತ್ತದೆ. ಗಾಡಿಯ ವಿಮೆಗೆ ತಾರೀಕು ಇದೆ. ಮನೆಗೆ ತೆರಿಗೆ ಇದೆ. ಟಯರ್ ಸವೆಯುತ್ತದೆ, ಹಲ್ಲು ನೋಯುತ್ತದೆ. ಯಾವ ದಿನ ಅಂತ ಗೊತ್ತಿರುವುದಿಲ್ಲ, ಬರುತ್ತದೆ ಅಂತ ಗೊತ್ತಿರುತ್ತದೆ.

12 ತಿಂಗಳ ಸ್ಟೇಟ್‌ಮೆಂಟ್ ಈಗ ತೆಗೆಯಿರಿ. ಪ್ರತಿ ತಿಂಗಳು ಬರದ ಖರ್ಚುಗಳಿಗೆಲ್ಲ ಕೆಂಪು ಗೆರೆ ಎಳೆದು ಪಟ್ಟಿ ಮಾಡಿ. ಒಂದು ಮನೆಯ ಪಟ್ಟಿ ಹೀಗಿರಬಹುದು: ಶಾಲೆಯ ಫೀಸು 60, ಆರೋಗ್ಯ ವಿಮೆ 25, ಗಾಡಿ ವಿಮೆ 15, ತೆರಿಗೆ 8, ರಿಪೇರಿ 20, ಊರಿಗೆ ಹೋಗಿಬರುವುದು ಮತ್ತು ಉಡುಗೊರೆ 40, ಹಲ್ಲು-ಕಣ್ಣು ಇತ್ಯಾದಿ 12. ಒಟ್ಟು 180. ಅಂದರೆ ವರ್ಷದಲ್ಲಿ ಸುಮಾರು ಎರಡು ತಿಂಗಳ ಸಂಬಳ, ಯಾವ ಬಜೆಟ್ಟಿನಲ್ಲೂ ಕಾಣಿಸದೆ ಹೋಗಿಬಿಡುತ್ತದೆ!

180ನ್ನು 12ರಿಂದ ಭಾಗಿಸಿದರೆ 15. ಪ್ರತಿ ತಿಂಗಳು ಸಂಬಳ ಬಂದ ದಿನವೇ 15 ಬೇರೆ ಖಾತೆಗೆ ಹೋಗಬೇಕು. ನಿಮ್ಮ ಕೈಯಲ್ಲಿ ಇರುವುದು 100 ಅಲ್ಲ, 85. ಬಜೆಟ್ ಹಾಕುವುದು ಆ 85ಕ್ಕೆ.

ಇಲ್ಲಿ ಆಗುವ ತಪ್ಪು: ಲೆಕ್ಕ ಸರಿ ಇದ್ದರೂ ಮೊದಲ ವರ್ಷ ಕಡಿಮೆ ಬೀಳುವುದು. ಈ ತಿಂಗಳು ಶುರು ಮಾಡಿದಿರಿ, ಮೂರನೇ ತಿಂಗಳಿಗೆ ಫೀಸು 60 ಕಟ್ಟಬೇಕು ಅಂದುಕೊಳ್ಳಿ. ಅಷ್ಟರಲ್ಲಿ ಆ ಖಾತೆಯಲ್ಲಿ ಇರುವುದು 45. ಆಗ ಜನ "ಇದೆಲ್ಲ ನಮಗೆ ಆಗಿಬರಲ್ಲ" ಅಂತ ಕೈಬಿಡುತ್ತಾರೆ. ಪರಿಹಾರ ಸುಲಭ. 12 ತಿಂಗಳ ಹೆಸರು ಬರೆದು, ಪ್ರತಿ ತಿಂಗಳು ಒಳಗೆ ಬರುವ 15 ಮತ್ತು ಹೊರಗೆ ಹೋಗುವ ಖರ್ಚು ಹಾಕಿ, ಉಳಿಕೆಯನ್ನು ಮುಂದಕ್ಕೆ ಒಯ್ಯುತ್ತಾ ಹೋಗಿ. ಉಳಿಕೆ ಎಲ್ಲಿ ಅತಿ ಕೆಳಗೆ ಇಳಿಯುತ್ತದೋ, ಅಲ್ಲಿ ಎಷ್ಟು ಕಡಿಮೆ ಬೀಳುತ್ತದೆ ನೋಡಿ. ಈ ಉದಾಹರಣೆಯಲ್ಲಿ 15 ಅಂತಿಟ್ಟುಕೊಳ್ಳಿ. ಅಷ್ಟನ್ನು ಮೊದಲ ದಿನವೇ ಆ ಖಾತೆಗೆ ಹಾಕಿ ಶುರು ಮಾಡಿ.

## ಹಂತ 4: ಖಾತೆಗಳನ್ನು ಬೇರೆ ಮಾಡಿ

ಎಲ್ಲ ಹಣವೂ ಒಂದೇ ಖಾತೆಯಲ್ಲಿದ್ದರೆ ಫೀಸಿನ ದುಡ್ಡೂ ನಮ್ಮ ಕಣ್ಣಿಗೆ ಖರ್ಚಿನ ದುಡ್ಡೇ. ಮೂರು ಖಾತೆ ಸಾಕು: ಸಂಬಳ ಬಂದು ಬಾಡಿಗೆ, ಕಂತು ಹೋಗುವ ಖಾತೆ, ದಿನದ ಖರ್ಚಿನ ಖಾತೆ, ವರ್ಷದ ಖರ್ಚು ಮತ್ತು ಉಳಿತಾಯದ ಖಾತೆ. ಫೋನಿನಲ್ಲಿ ಪಾವತಿ ಮಾಡುವ ಆ್ಯಪ್‌ಗೆ ದಿನದ ಖರ್ಚಿನ ಖಾತೆಯನ್ನು ಮಾತ್ರ ಜೋಡಿಸಿ. ಮೂರನೆಯದಕ್ಕೆ ಕಾರ್ಡನ್ನೂ ತೆಗೆದುಕೊಳ್ಳಬೇಡಿ. ಖಾತೆ ತೆರೆಯುವಾಗ ಕನಿಷ್ಠ ಎಷ್ಟು ಹಣ ಇಡಬೇಕು, ಕಡಿಮೆಯಾದರೆ ದಂಡ ಇದೆಯಾ ಅಂತ ಕೇಳಿ.

ಹಣ ವರ್ಗಾವಣೆ ಸಂಬಳ ಬಂದ ದಿನವೇ ತಾನಾಗಿ ಆಗುವಂತೆ ಬ್ಯಾಂಕಿನಲ್ಲಿ ಹೇಳಿಡಿ. "ತಿಂಗಳ ಕೊನೆಗೆ ಉಳಿದದ್ದನ್ನು ಹಾಕೋಣ" ಅಂದರೆ ಏನೂ ಉಳಿಯುವುದಿಲ್ಲ.

ಪ್ರತಿ ತಿಂಗಳು ಆದಾಯ ಒಂದೇ ಥರ ಇಲ್ಲದವರು, ಅಂದರೆ ವ್ಯಾಪಾರ ಮಾಡುವವರು, ಕಮಿಷನ್ ಮೇಲೆ ದುಡಿಯುವವರು, ಹಿಂದಿನ 12 ತಿಂಗಳಲ್ಲಿ ಅತಿ ಕಡಿಮೆ ಬಂದ ತಿಂಗಳನ್ನು ತಮ್ಮ ಸಂಬಳ ಅಂತ ತಿಳಿಯಲಿ. ಜಾಸ್ತಿ ಬಂದ ತಿಂಗಳ ಹೆಚ್ಚುವರಿ ಹಣವನ್ನು ಮೂರನೇ ಖಾತೆಯಲ್ಲಿಟ್ಟು, ಕಡಿಮೆ ಬಂದಾಗ ಅಲ್ಲಿಂದ ತಮಗೆ ತಾವೇ ಸಂಬಳ ಕೊಟ್ಟುಕೊಳ್ಳಲಿ.

ಅಗತ್ಯಕ್ಕೆ 50, ಆಸೆಗೆ 30, ಉಳಿತಾಯಕ್ಕೆ 20 ಅನ್ನುವ ಸೂತ್ರ ಎಲ್ಲ ಕಡೆ ಓಡಾಡುತ್ತಿದೆ. ಬಾಡಿಗೆಗೇ 40 ಹೋಗುವ ಮನೆಯಲ್ಲಿ ಅದನ್ನು ಹಿಡಿದು ಕೂತರೆ ಬರೀ ಬೇಜಾರು. ನಿಮ್ಮ 30 ದಿನದ ಪುಟವೇ ನಿಮಗೆ ಸೂತ್ರ. ಅದರಲ್ಲಿ ಎರಡು ಸಾಲು ಮಾತ್ರ ಆರಿಸಿ ಕಡಿಮೆ ಮಾಡಿ. ಎಲ್ಲವನ್ನೂ ಒಟ್ಟಿಗೆ ಬಿಗಿ ಮಾಡಿದ ಮನೆಗಳಲ್ಲಿ ಜಗಳ ಆಗುತ್ತದೆ, ಉಳಿತಾಯ ಆಗುವುದಿಲ್ಲ.

## ಹಂತ 5: ಒಂದು ತಿಂಗಳ ಹಣ ಪಕ್ಕಕ್ಕೆ ಇಡಿ

ಸಾಲ ತೀರಿಸುವ ಮೊದಲು, ಹೂಡಿಕೆಗೆ ಮೊದಲು, ಒಂದು ತಿಂಗಳ ಅಗತ್ಯ ಖರ್ಚಿನಷ್ಟು ಹಣ ಸಿದ್ಧ ಇರಬೇಕು. ಬಾಡಿಗೆ, ದಿನಸಿ, ಕರೆಂಟು, ಔಷಧಿ, ಕಂತು, ಇಷ್ಟೇ ಸೇರಿಸಿ.

ಸಾಲಕ್ಕೆ ಬಡ್ಡಿ ಓಡುತ್ತಿರುವಾಗ ಹಣ ಸುಮ್ನೆ ಇಡುವುದು ದಡ್ಡತನ ಅಲ್ವಾ ಅಂತ ಬಹಳ ಜನ ಕೇಳುತ್ತಾರೆ. ಲೆಕ್ಕದಲ್ಲಿ ಅವರು ಹೇಳುವುದು ಸರಿ. ಆದರೆ ಕೈಯಲ್ಲಿದ್ದದ್ದನ್ನೆಲ್ಲ ಸಾಲಕ್ಕೆ ಕಟ್ಟಿದ ವಾರದಲ್ಲೇ ಮಗುವಿಗೆ ಜ್ವರ ಬಂದರೆ ಮತ್ತೆ ಅದೇ ಕಾರ್ಡ್ ಉಜ್ಜಬೇಕು. ದುಬಾರಿ ಸಾಲ ತೀರಿದ ಮೇಲೆ ಈ ಹಣವನ್ನು 3ರಿಂದ 6 ತಿಂಗಳ ಖರ್ಚಿನಷ್ಟಕ್ಕೆ ಬೆಳೆಸಿ. ಒಬ್ಬರೇ ದುಡಿಯುವ ಮನೆಗೆ 6 ಬೇಕೇ ಬೇಕು.

ಇದನ್ನು ಷೇರಿನಲ್ಲಿ ಇಡಬೇಡಿ, ಚಿನ್ನದಲ್ಲೂ ಬೇಡ. ಎರಡು ದಿನದೊಳಗೆ, ನಷ್ಟ ಇಲ್ಲದೆ ಕೈಗೆ ಸಿಗುವಂತಿರಬೇಕು. ಬಡ್ಡಿ ಕಡಿಮೆ ಬಂದರೆ ಬರಲಿ.

## ಹಂತ 6: ಸಾಲಗಳನ್ನು ಸಾಲಾಗಿ ನಿಲ್ಲಿಸಿ

ಹಂತ 1ರ ಹಾಳೆ ತೆಗೆಯಿರಿ. ಬಡ್ಡಿ ದರ ಹೆಚ್ಚಿರುವುದು ಮೇಲೆ ಬರುವಂತೆ ಸಾಲಗಳನ್ನು ಮತ್ತೆ ಬರೆಯಿರಿ. ಎಲ್ಲ ಸಾಲಕ್ಕೂ ಕಂತು ತಪ್ಪದೆ ಕಟ್ಟಿ, ಮಿಕ್ಕಿದ್ದನ್ನೆಲ್ಲ ಮೇಲಿನ ಒಂದಕ್ಕೇ ಕಟ್ಟಿ. ಅದು ತೀರಿದ ಮೇಲೆ ಆ ಹಣವನ್ನು ಎರಡನೆಯದಕ್ಕೆ ತಿರುಗಿಸಿ. ಚಿಕ್ಕ ಸಾಲದಿಂದ ಶುರು ಮಾಡಿದರೆ ಬೇಗ ಒಂದು ತೀರಿದ ಖುಷಿ ಸಿಗುತ್ತದೆ, ಬಡ್ಡಿ ಸ್ವಲ್ಪ ಜಾಸ್ತಿ ಹೋಗುತ್ತದೆ. ಆ ಖುಷಿ ಇಲ್ಲದೆ ಮುಂದೆ ಹೋಗಲಾರಿರಿ ಅಂತಾದರೆ ಹಾಗೇ ಮಾಡಿ.

ಎರಡು ಜಾಗದಲ್ಲಿ ಜನ ಎಡವುತ್ತಾರೆ.

ಮೊದಲನೆಯದು ಕಾರ್ಡಿನ ಬಿಲ್ಲಿನಲ್ಲಿ ಕಾಣುವ 'ಮಿನಿಮಮ್ ಡ್ಯೂ'. ಬಾಕಿ 100 ಇದೆ, ತಿಂಗಳಿಗೆ 3% ಬಡ್ಡಿ, ಕನಿಷ್ಠ ಕಟ್ಟಬೇಕಾದ್ದು ಬಾಕಿಯ 5% ಅಂತಿಟ್ಟುಕೊಳ್ಳಿ. ಮೊದಲ ತಿಂಗಳು ಬಡ್ಡಿ ಸೇರಿ 103 ಆಗುತ್ತದೆ, ನೀವು 5.15 ಕಟ್ಟುತ್ತೀರಿ. ಹೀಗೇ ಒಂದು ವರ್ಷ ತಪ್ಪದೆ ಕನಿಷ್ಠ ಮೊತ್ತ ಕಟ್ಟಿದರೆ ನಿಮ್ಮ ಕೈಯಿಂದ ಹೋದದ್ದು 55. ಬಾಕಿ ಇನ್ನೂ 77! ಕಟ್ಟಿದ್ದರಲ್ಲಿ 32 ಬಡ್ಡಿಗೇ ಹೋಯಿತು. ಬಾಕಿ ಅರ್ಧಕ್ಕೆ ಇಳಿಯಲು 32 ತಿಂಗಳು ಬೇಕು.

ಈಗ ಒಂದೇ ಒಂದು ಬದಲಾವಣೆ ಮಾಡಿ. ಬಾಕಿ ಇಳಿದಂತೆ ಕನಿಷ್ಠ ಮೊತ್ತವೂ ಇಳಿಯುತ್ತದಲ್ಲ, ಅದರ ಜೊತೆ ನೀವು ಇಳಿಯಬೇಡಿ. ಮೊದಲ ತಿಂಗಳು ಕಟ್ಟಿದ ಅದೇ 5.15ನ್ನು ಪ್ರತಿ ತಿಂಗಳು ಕಟ್ಟಿ. ಸಾಲ ಪೂರ್ತಿ 30 ತಿಂಗಳಲ್ಲಿ ತೀರುತ್ತದೆ. ಇದಕ್ಕೆ ಒಂದು ಷರತ್ತು: ಅಷ್ಟರಲ್ಲಿ ಆ ಕಾರ್ಡನ್ನು ಮತ್ತೆ ಬಳಸಬಾರದು.

ಎರಡನೆಯದು ಫ್ಲ್ಯಾಟ್ ಬಡ್ಡಿ. "ಬರೀ 10%" ಅಂತ ಹೇಳಿ ಮೂರು ವರ್ಷಕ್ಕೆ 100 ಸಾಲ ಕೊಡುತ್ತಾರೆ. ಬಡ್ಡಿ 30 ಸೇರಿಸಿ 130ನ್ನು 36 ಕಂತು ಮಾಡುತ್ತಾರೆ. ನೀವು ಅಸಲನ್ನು ತಿಂಗಳು ತಿಂಗಳು ತೀರಿಸುತ್ತಾ ಬಂದರೂ ಬಡ್ಡಿ ಮಾತ್ರ ಕೊನೆಯವರೆಗೂ ಪೂರ್ತಿ 100ರ ಮೇಲೆ. ಉಳಿದ ಬಾಕಿಯ ಮೇಲೆ ಮಾತ್ರ ಬಡ್ಡಿ ಹಾಕುವ 'ರೆಡ್ಯೂಸಿಂಗ್' ಲೆಕ್ಕದಲ್ಲಿ ಇದು ವರ್ಷಕ್ಕೆ ಸುಮಾರು 18%. ಸಾಲ ಕೊಡುವವರನ್ನು ಒಂದೇ ಪ್ರಶ್ನೆ ಕೇಳಿ: "ಈ ದರ ಫ್ಲ್ಯಾಟಾ, ರೆಡ್ಯೂಸಿಂಗಾ?" ಉತ್ತರ ಹೇಳಲು ತಡವರಿಸಿದರೆ ಎದ್ದು ಬನ್ನಿ.

ಮನೆ ಸಾಲದ ಬಗ್ಗೆ ಒಂದು ಮಾತು. 9% ಬಡ್ಡಿಯ, 20 ವರ್ಷದ ಸಾಲದಲ್ಲಿ ಮೊದಲ ಕಂತಿನ ಸುಮಾರು 83% ಬಡ್ಡಿಗೇ ಹೋಗುತ್ತದೆ. ಹಾಗಾಗಿ ಹೆಚ್ಚುವರಿ ಹಣ ಕಟ್ಟುವುದಿದ್ದರೆ ಮೊದಲ ವರ್ಷಗಳಲ್ಲೇ ಕಟ್ಟಿ. 16ನೇ ವರ್ಷದಲ್ಲಿ ಕಟ್ಟಿದರೆ ಅಷ್ಟು ಲಾಭ ಇಲ್ಲ. ಅವಧಿಗೆ ಮೊದಲು ಕಟ್ಟಿದರೆ ದಂಡ ಇದೆಯಾ ಅಂತ ಪತ್ರದಲ್ಲಿ ನೋಡಿಕೊಳ್ಳಿ.

## ಹಂತ 7: ವಿಮೆ

ಒಂದು ಆಸ್ಪತ್ರೆ ಬಿಲ್ಲು ಹಿಂದಿನ ಆರು ಹಂತವನ್ನೂ ಅಳಿಸಿಹಾಕಬಲ್ಲದು. ಮನೆಯವರಿಗೆಲ್ಲ ಆರೋಗ್ಯ ವಿಮೆ ಮೊದಲು. ಅರ್ಜಿಯಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಹಳೆಯ ಆಪರೇಷನ್ ಏನಿದ್ದರೂ ಬರೆಯಿರಿ. ಮುಚ್ಚಿಟ್ಟರೆ ಕ್ಲೇಮ್ ತಿರಸ್ಕಾರ ಆಗಬಹುದು, ಅದೂ ನೀವು ಆಸ್ಪತ್ರೆಯಲ್ಲಿ ಇರುವಾಗ. ಹಳೆಯ ಕಾಯಿಲೆಗೆ ರಕ್ಷಣೆ ಸಿಗಲು ಎಷ್ಟು ಕಾಲ ಕಾಯಬೇಕು, ರೂಮಿನ ಬಾಡಿಗೆಗೆ ಮಿತಿ ಇದೆಯಾ, ಏನೇನು ಸೇರಿಲ್ಲ, ಈ ಮೂರನ್ನು ಪಾಲಿಸಿಯಲ್ಲೇ ಹುಡುಕಿ ಓದಿ. ಏಜೆಂಟರ ಬಾಯಿಮಾತು ಸಾಲದು.

ನಿಮ್ಮ ದುಡಿಮೆಯ ಮೇಲೆ ಬೇರೆಯವರು ಬದುಕುತ್ತಿದ್ದರೆ ಟರ್ಮ್ ಇನ್ಶೂರೆನ್ಸ್ ಬೇಕು, ಅಂದರೆ ಗೊತ್ತಾದ ಅವಧಿಯೊಳಗೆ ನೀವು ತೀರಿಕೊಂಡರೆ ಮಾತ್ರ ಮನೆಯವರಿಗೆ ಹಣ ಕೊಡುವ ವಿಮೆ. ವರ್ಷದ ಆದಾಯದ 10 ಪಟ್ಟು ಅನ್ನುವುದು ಒರಟು ಅಂದಾಜು. ಇನ್ನೂ ಸರಿಯಾಗಿ ಬೇಕಿದ್ದರೆ, ಇರುವ ಸಾಲ, ಮನೆಯವರು ಸ್ವಂತ ಕಾಲ ಮೇಲೆ ನಿಲ್ಲುವವರೆಗಿನ ಖರ್ಚು, ಎರಡನ್ನೂ ಕೂಡಿಸಿ ಇರುವ ಉಳಿತಾಯ ಕಳೆಯಿರಿ. "ಕೊನೆಗೆ ಕಟ್ಟಿದ ಹಣ ವಾಪಸ್ ಬರುತ್ತೆ" ಅನ್ನುವ ಪಾಲಿಸಿಗಳಲ್ಲಿ ಪ್ರೀಮಿಯಂ ಜಾಸ್ತಿ, ರಕ್ಷಣೆ ಕಡಿಮೆ. ವಿಮೆ ಬೇರೆ, ಉಳಿತಾಯ ಬೇರೆ.

## ಹಂತ 8: ಆಮೇಲೆ ಹೂಡಿಕೆ

ಹೂಡಿಕೆ ಎಂಟನೆಯದು, ಮೊದಲನೆಯದಲ್ಲ. 72ನ್ನು ದರದಿಂದ ಭಾಗಿಸಿ: ಹಣ ಎಷ್ಟು ವರ್ಷದಲ್ಲಿ ದುಪ್ಪಟ್ಟಾಗುತ್ತದೆ ಅಂತ ಅಂದಾಜು ಸಿಗುತ್ತದೆ. 8% ಆದರೆ 9 ವರ್ಷ. ಇದೇ ಲೆಕ್ಕ ಬೆಲೆ ಏರಿಕೆಗೂ ಆಗುತ್ತದೆ. ಬೆಲೆ ವರ್ಷಕ್ಕೆ 6% ಏರಿದರೆ 12 ವರ್ಷದಲ್ಲಿ ನಿಮ್ಮ ಹಣದ ಶಕ್ತಿ ಅರ್ಧ. ಮುಂದಿನ ಮೂರ್ನಾಲ್ಕು ವರ್ಷದಲ್ಲಿ ಬೇಕಾಗುವ ಹಣವನ್ನು ಏರಿಳಿತ ಇರುವ ಕಡೆ ಹಾಕಬೇಡಿ. ಯಾರಾದರೂ "ಇದರಲ್ಲಿ ತಿಂಗಳಿಗೆ 5% ಗ್ಯಾರಂಟಿ" ಅಂದರೆ ಅದು ಚಕ್ರಬಡ್ಡಿಯಲ್ಲಿ ವರ್ಷಕ್ಕೆ ಸುಮಾರು 80%. ಅಂಥ ಲಾಭ ಗ್ಯಾರಂಟಿಯಾಗಿ ಬರುವುದಿದ್ದರೆ ಅವರು ನಿಮ್ಮ ಮನೆ ಬಾಗಿಲಿಗೆ ಯಾಕೆ ಬರುತ್ತಿದ್ದರು?

## ಹಂತ 9: ಬಾಗಿಲು ಹಾಕಿ

ಹಣ ಬರಬೇಕಾದರೆ ಪಿನ್ ಹಾಕುವ ಕೆಲಸ ಇಲ್ಲ. ಪಿನ್, ಒಟಿಪಿ ಕೇಳಿದರು ಅಂದರೆ ಹಣ ಹೊರಗೆ ಹೋಗುತ್ತಿದೆ ಅಂತ ಅರ್ಥ. ಫೋನ್ ಮಾಡಿದವರು ಅವಸರ ಮಾಡಿದರೆ, ಹೆದರಿಸಿದರೆ, ಯಾವುದೋ ಆ್ಯಪ್ ಹಾಕಿಕೊಳ್ಳಿ ಅಂದರೆ, ಕರೆ ಕಟ್ ಮಾಡಿ. ಬ್ಯಾಂಕಿನ ನಂಬರನ್ನು ಪಾಸ್‌ಬುಕ್ ಅಥವಾ ಕಾರ್ಡಿನ ಹಿಂಭಾಗದಿಂದ ತೆಗೆದು ನೀವೇ ಫೋನ್ ಮಾಡಿ.

ಇನ್ನೊಬ್ಬರ ಸಾಲಕ್ಕೆ ಜಾಮೀನು ಹಾಕುವುದು ಬರೀ ಸಹಿಯ ಮಾತಲ್ಲ. ಅವರು ಕಟ್ಟದಿದ್ದರೆ ನೀವು ಕಟ್ಟಬೇಕು. ಆ ಮೊತ್ತವನ್ನು ಹಂತ 1ರ ಬಲಗಡೆ ಬರೆದುಕೊಳ್ಳಲು ತಯಾರಿದ್ದರೆ ಮಾತ್ರ ಸಹಿ ಹಾಕಿ.

## ಈ ಸೂಚನೆ ಕಂಡರೆ ನಿಲ್ಲಿ

ಒಂದು ಸಾಲದ ಕಂತು ಕಟ್ಟಲು ಇನ್ನೊಂದು ಸಾಲ ತೆಗೆದರೆ ಪರಿಸ್ಥಿತಿ ಕೈಮೀರುತ್ತಿದೆ ಅಂತ ತಿಳಿಯಿರಿ. ಅವತ್ತೇ ಸಾಲ ಕೊಟ್ಟವರ ಹತ್ತಿರ ಹೋಗಿ ಅವಧಿ ಹೆಚ್ಚಿಸಲು ಕೇಳಿ. ಕಂತು ತಪ್ಪುವ ಮೊದಲು ಹೋದವರಿಗೆ ಸಿಗುವ ಮರ್ಯಾದೆಯೇ ಬೇರೆ. ಎಲ್ಲ ಕಂತು ಸೇರಿ ಆದಾಯದ 40 ದಾಟಿದರೆ ಹೊಸ ಸಾಲ ಬೇಡವೇ ಬೇಡ. ದಿನಸಿಯನ್ನು ಕಾರ್ಡಿನಲ್ಲಿ ತಂದು ಬಿಲ್ಲು ಪೂರ್ತಿ ಕಟ್ಟಲಾಗದಿದ್ದರೆ ಹಂತ 2ಕ್ಕೆ ವಾಪಸ್ ಹೋಗಿ. ಗಂಡ ಹೆಂಡತಿ ಒಬ್ಬರಿಗೊಬ್ಬರು ಬಿಲ್ಲು ಬಚ್ಚಿಡುತ್ತಿದ್ದರೆ ಮೊದಲು ಮಾತಾಡಿ, ಲೆಕ್ಕ ಆಮೇಲೆ.

## ಹಂತ 10: ತಿಂಗಳಿಗೆ ಅರ್ಧ ಗಂಟೆ, ವರ್ಷಕ್ಕೊಂದು ಪರೀಕ್ಷೆ

ಸಂಬಳ ಬಂದ ವಾರ ಅರ್ಧ ಗಂಟೆ ಒಟ್ಟಿಗೆ ಕೂರಿ. ಕಳೆದ ತಿಂಗಳ ಪುಟ, ವರ್ಷದ ಖಾತೆಯ ಉಳಿಕೆ, ಮುಂದಿನ ಮೂರು ತಿಂಗಳಲ್ಲಿ ಬರುವ ದೊಡ್ಡ ಖರ್ಚು, ಇಷ್ಟು ನೋಡಿದರೆ ಸಾಕು. ಯಾರು ಎಷ್ಟು ಖರ್ಚು ಮಾಡಿದರು ಅನ್ನುವ ವಿಚಾರಣೆ ಬೇಡ. ಇಬ್ಬರಿಗೂ ಲೆಕ್ಕ ಕೇಳದ ಒಂದು ಚಿಕ್ಕ ಮೊತ್ತ ಇರಲಿ.

ಎಲ್ಲ ಕಾಗದವೂ ಒಂದೇ ಫೈಲಿನಲ್ಲಿರಲಿ. ಮೊದಲ ಪುಟದಲ್ಲಿ ಖಾತೆಗಳು, ಪಾಲಿಸಿಗಳು, ಸಾಲಗಳು, ಯಾವುದಕ್ಕೆ ಯಾರು ನಾಮಿನಿ ಅನ್ನುವ ಪಟ್ಟಿ. ಪಿನ್, ಪಾಸ್‌ವರ್ಡ್ ಇದರಲ್ಲಿ ಬೇಡ. ಮದುವೆಗೆ ಮೊದಲು ತೆರೆದ ಖಾತೆಗಳ ನಾಮಿನಿ ಯಾರು ಅಂತ ವಿಶೇಷವಾಗಿ ನೋಡಿ.

ಮತ್ತೆ ವರ್ಷಕ್ಕೊಮ್ಮೆ ಪರೀಕ್ಷೆ: ಲೆಕ್ಕ ನೋಡಿಕೊಳ್ಳುವವರು ಸುಮ್ನೆ ಕೂರಬೇಕು, ಇನ್ನೊಬ್ಬರು ಆರೋಗ್ಯ ವಿಮೆಯ ಕಾಗದ ಹುಡುಕಿ ತೆಗೆಯಬೇಕು. ನಮ್ಮ ಮನೆಯಲ್ಲಿ ಮೊದಲ ಸಲ ನನ್ನ ಹೆಂಡತಿಗೆ 40 ನಿಮಿಷ ಹಿಡಿಯಿತು. ಫೈಲು ಬೀರುವಿನಲ್ಲಿದೆ ಅಂತ ಬರೆದಿದ್ದೆ. ಬೀರುವಿನ ಬೀಗದ ಕೈ ನನ್ನ ಆಫೀಸ್ ಬ್ಯಾಗಿನಲ್ಲಿತ್ತು.